ಕಾಡಪ್ಪ ಡಾಕ್ಟರ್ ಕುಡಿದ ನೀರು

ರವಿವಾರ ಪೇಠ, ಪುಣೆ
ರವಿವಾರ, ೧೮ ಆಗಸ್ಟ್ ೧೯೪೬

ಚಿ. ಚನ್ನಬಸವ್ವಗೆ ಹೊಳಬಸಪ್ಪ ಕಾಕಾನ ತುಂಬು ಮನಸ್ಸಿನ ಆಶೀರ್ವಾದ.

ನಾವಿಲ್ಲಿ ಹೇಗಿದ್ದೇವೆ ಎಂದರೆ, ನಿನ್ನ ಕಾಕು ಮೊಣಕಾಲು ಹಿಡಿದುಕೊಂಡು ಮಳೆಯನ್ನು ಬೈಯುತ್ತಿದ್ದಾಳೆ, ನಾನು ರೇಶನ್ನಿನ ಜೋಳವನ್ನು ಬೈಯುತ್ತಿದ್ದೇನೆ. ಬೈಯುವಷ್ಟು ಶಕ್ತಿ ಇಬ್ಬರಲ್ಲೂ ಉಳಿದಿದೆ, ಅದೇ ಕ್ಷೇಮಸಮಾಚಾರ. ಧಾರವಾಡದಲ್ಲಿ ನೀನೂ ನಿನ್ನ ಅವ್ವ ಭೀಮವ್ವ ವೈನಿಯೂ ಆರಾಮ ಇದ್ದೀರಿ ಎಂದು ನಂಬಿದ್ದೇನೆ.

ನಿನ್ನ ಪತ್ರ ಜೂನ್ ತಿಂಗಳಲ್ಲೇ ಬಂತು. ಎರಡು ತಿಂಗಳು ಉತ್ತರ ಬರೆಯಲಿಲ್ಲ. ಕ್ಷಮಿಸು ಎನ್ನಲಿಕ್ಕೂ ನಾಚಿಕೆ. ಮೊದಲು ಮದುವೆಯ ದಿನಗಳು, ಅಂಗಡಿಯಲ್ಲಿ ಕುಪ್ಪಸದ ಖಣ ಕೇಳುವವರ ಗದ್ದಲ ಎಂದೆ. ಆಮೇಲೆ ಟಪಾಲಿನವರ ಮುಷ್ಕರ ಎಂದೆ. ಈಗ ಮುಷ್ಕರವೂ ಮುಗಿಯಿತು, ಗಿರಾಕಿಗಳೂ ಇಲ್ಲ, ನೆಪವೂ ಉಳಿಯಲಿಲ್ಲ. ನಿನ್ನೆ ನಿನ್ನ ಕಾಕು ಶಾಯಿಯ ದೌತಿ ತಂದು ಮುಂದಿಟ್ಟಳು. "ಬರೂ ಒಂದನೇ ತಾರೀಖಿಗೆ ನೌಕರಿಯವರಿಗೆ ಜವಾಬು ಕೊಡಬೇಕಂತ ಹುಡಿಗಿ ಬರದಾಳ. ಬರಿಯೂದಿದ್ರ ಬರೀರಿ, ಇಲ್ಲಾ ಒಲ್ಲೆ ಅಂತರೆ ಹೇಳ್ರಿ. ಹಿಂಗ ಕುಂಡ್ರಬ್ಯಾಡ್ರಿ" ಎಂದಳು. ಅವಳ ಮಾತು ಮೀರಿದರೆ ಈ ಮನೆಯಲ್ಲಿ ಊಟ ತಡವಾಗುತ್ತದೆ.

ನಿನ್ನ ಪತ್ರವನ್ನು ಎಷ್ಟು ಸಲ ಓದಿದ್ದೇನೆಂದರೆ ಮಡಿಕೆಯಲ್ಲಿ ಹರಿದಿದೆ. ಮಿರಜಿನಲ್ಲಿ ಡಾಕ್ಟರಕಿ ಕಲಿತು ಮುಗಿಸಿದೆ. ಪುಣೆಯಲ್ಲಿ, ಅದೂ ನಾಗಝರಿ ಹಳ್ಳದ ದಂಡೆಯ ಸಣ್ಣ ದವಾಖಾನೆಯಲ್ಲಿ ನೌಕರಿ ಸಿಕ್ಕಿದೆ. ನಿಮ್ಮಪ್ಪ ದಿನಾ ಸೈಕಲ್ ಹೊಡೆದುಕೊಂಡು ಹೋಗುತ್ತಿದ್ದ ವಸ್ತಿಯೇ ಅದು. ಅವ್ವ ಮಾತ್ರ ಹೆಸರೆತ್ತಿದರೆ ಎದೆ ಬಡಿದುಕೊಳ್ಳುತ್ತಾಳೆ, "ಆ ಹಳ್ಳದ ದಂಡಿ ನೀರು ನನ್ನ ಗಂಡನ್ನ ನುಂಗೇತಿ. ನೀ ಅಲ್ಲಿಗೆ ಹೋಗೂದಾದ್ರ ನನ್ನ ಹೆಣಾ ದಾಟಿ ಹೋಗು" ಎನ್ನುತ್ತಾಳೆ ಎಂದು ಬರೆದಿದ್ದೀ. "ಕಾಕಾ, ನೀವು ಹೇಳಿದರೆ ಅವ್ವ ಕೇಳುತ್ತಾಳೆ, ಒಂದು ಮಾತು ಬರೆಯಿರಿ. ಅಪ್ಪ ಎಂಥವರಿದ್ದರು ಎಂಬುದನ್ನೂ ಬರೆಯಿರಿ. ನನಗೆ ಕಾರ್ಬಾಲಿಕ್ ವಾಸನೆ ಬಿಟ್ಟರೆ ಬೇರೇನೂ ನೆನಪಿಲ್ಲ" ಎಂದಿದ್ದೀ. ಎರಡನೆಯದು ಸುಲಭ. ಅದರಿಂದಲೇ ಶುರು ಮಾಡುತ್ತೇನೆ.

ಅವನು ಎಂದೇ ಬರೆಯುತ್ತೇನೆ, ತಪ್ಪು ತಿಳಿಯಬೇಡ. ಊರಿಗೆಲ್ಲ ಅವನು ಡಾಕ್ಟರಸಾಹೇಬ. ನನಗೆ ಕಾಡ್ಯಾ. ಗುಳೇದಗುಡ್ಡದಲ್ಲಿ ಒಂದೇ ಓಣಿಯವರು. ೧೯೦೫ರಲ್ಲಿ ಒಂದೇ ದಿನ ಪುಣೆಯ ಸ್ಟೇಶನ್ನಿನಲ್ಲಿ ಇಳಿದೆವು. ನನಗೆ ಹದಿನೇಳು, ಅವನಿಗೆ ಹದಿನೆಂಟು. ನನ್ನ ಹೆಗಲ ಮೇಲೆ ಸೋದರಮಾವನ ಅಂಗಡಿಗೆ ಒಯ್ಯುವ ಖಣದ ಗಂಟು, ಅವನ ಹೆಗಲ ಮೇಲೆ ಮೆಡಿಕಲ್ ಶಾಲೆಗೆ ಸೇರುವ ಹುಚ್ಚು. ರವಿವಾರ ಪೇಠೆಯ ಇದೇ ವಾಡೆಯ ಅಟ್ಟದ ಮೇಲೆ ಒಂದು ಕೋಣೆ ಹಿಡಿದೆವು. ಕೆಳಗೆ ಅಂಗಳದಲ್ಲಿ ಬಾವಿ, ಸುತ್ತ ಹದಿನಾರು ಬಿಡಾರ. ಮುಂದಿನ ವರ್ಷ ನನ್ನ ಅವ್ವ ಪಾರವ್ವ ಬಂದು ಒಲೆ ಹೂಡಿದಳು. ಅಂದಿನಿಂದ ನಿಮ್ಮಪ್ಪ ಅವಳ ಎರಡನೇ ಮಗ. ರೊಟ್ಟಿ ಬಡಿಯುವಾಗ ಮೊದಲನೆಯದು ಅವನ ತಾಟಿಗೆ ಬೀಳುತ್ತಿತ್ತು. ಹೊಟ್ಟೆಕಿಚ್ಚು ಪಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ?

ಅವನ ಮರಾಠಿ ಕೇಳಬೇಕಿತ್ತು ನೀನು! ಅರ್ಧ ಕನ್ನಡ, ಕಾಲು ಮರಾಠಿ, ಉಳಿದದ್ದು ಕೈಸನ್ನೆ. ಶನಿವಾರ ಪೇಠೆಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. "ಲೇ, ನಿನ್ನ ಮರಾಠಿ ಕೇಳಿದ್ರ ರೋಗಿ ಎದ್ದು ಓಡಿಹೋಗ್ತಾನ" ಎಂದು ನಾನು ಅಂದರೆ, "ಎದ್ದು ಓಡಿದ್ನಿಲ್ಲೋ ಹೊಳ್ಯಾ, ಹಂಗಾದ್ರ ಆರಾಮ ಆದಂಗ ಆತಲ್ಲ" ಎನ್ನುತ್ತಿದ್ದ. ಮಾತಿನಲ್ಲಿ ಅವನನ್ನು ಗೆಲ್ಲುವುದು ನನ್ನಂಥ ಅರಿವೆ ವ್ಯಾಪಾರಿಗೂ ಆಗಲಿಲ್ಲ. ಒಮ್ಮೆ ನನ್ನ ಅವ್ವನ ಉಪ್ಪಿನಕಾಯಿ ಭರಣಿಯನ್ನು ತೊಳೆದು ಒಯ್ದು ಅದರಲ್ಲಿ ಯಾರದೋ ಮಲ ತಂದಿದ್ದ, ಪರೀಕ್ಷೆ ಮಾಡಲಿಕ್ಕೆ! ಅವ್ವ ಅದನ್ನು ಕಂಡು ಮೂರು ದಿನ ಅವನಿಗೆ ಒಳಗೆ ಕಾಲಿಡಗೊಡಲಿಲ್ಲ. ಹೊಸ್ತಿಲ ಹೊರಗೆ ಕೂತು ಉಂಡ, ಉಣ್ಣುತ್ತಲೇ ಅವಳಿಗೆ ಹುಳುಗಳ ಕಥೆ ಹೇಳಿದ.

೧೯೧೨ರ ಶ್ರಾವಣದಲ್ಲಿ ಅವನನ್ನು ಎಳೆದುಕೊಂಡು ಲೋಣಾವಳಾಕ್ಕೆ ಹೊರಟೆ. ಘಾಟಿನ ನೀರು ಬೀಳುವುದನ್ನು ನೋಡೋಣ, ಒಂದು ದಿನವಾದರೂ ರೋಗ ಎಂಬ ಶಬ್ದ ಕಿವಿಗೆ ಬೀಳದಿರಲಿ ಎಂದು. ಸ್ಟೇಶನ್ನಿನಲ್ಲಿ ಇಳಿಯುತ್ತಲೇ ರೇಲ್ವೆ ಕೂಲಿಯೊಬ್ಬ ಓಡಿ ಬಂದ, ಹೆಂಡತಿಗೆ ಬ್ಯಾನಿ ಎದ್ದು ಎರಡು ದಿನವಾಗಿದೆ, ಕೂಸು ಅಡ್ಡ ಕೂತಿದೆ ಎಂದು ಅಳುತ್ತಿದ್ದ. ಇವನು ಡಾಕ್ಟರ್ ಎಂದು ಅವನಿಗೆ ಹೇಗೆ ಗೊತ್ತಾಯಿತೋ! ಔಷಧದ ಚೀಲ ಕೈಯಲ್ಲಿ ಇಲ್ಲದೆ ನಿಮ್ಮಪ್ಪ ಲೋಣಾವಳಾಕ್ಕೂ ಬಂದಿರಲಿಲ್ಲ. ಸಂಜೆ ಗಾಡಿಯ ತನಕ ನಾನು ಆ ಗುಡಿಸಲ ಮುಂದೆ ಕೊಡೆ ಹಿಡಿದು ನಿಂತೆ. ತಾಯಿ ಉಳಿದಳು, ಕೂಸೂ ಉಳಿಯಿತು. ನಾವು ಘಾಟು ನೋಡಲಿಲ್ಲ. ಇವತ್ತಿನವರೆಗೂ ನಾನು ನೋಡಿಲ್ಲ.

೧೯೧೮ರ ದೊಡ್ಡ ಜ್ವರದಲ್ಲಿ ನಿನ್ನ ಕಾಕು ಮೂಗಿನಿಂದ ರಕ್ತ ಸೋರುತ್ತ ಮಲಗಿದ್ದಳು. ಮನೆಯಲ್ಲಿ ಎಲ್ಲರೂ ಕೈಬಿಟ್ಟಿದ್ದೆವು. ನಿಮ್ಮಪ್ಪ ಆರು ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಂದು ತಾನೇ ಚಮಚೆಯಿಂದ ಗಂಜಿ ಕುಡಿಸಿದ. "ನನ್ನ ತಂಗಿನ್ನ ಹಂಗ ಬಿಡತೀನಿ ಅಂದಿದ್ದೇನು?" ಎಂದು ನನ್ನ ಮೇಲೇ ರೇಗಿದ. ನಿನ್ನೆ ದೌತಿ ತಂದಿಟ್ಟು ಜಬರಿಸಿದ ಕಾಕು ಅವನು ಕೊಟ್ಟದ್ದು. ಇದನ್ನು ನೀನು ಗಟ್ಟಿಯಾಗಿ ನೆನಪಿಡು, ಮುಂದೆ ನಾನು ಬರೆಯುವುದನ್ನು ಓದುವಾಗ.

ಈಗ ೧೯೨೩. ನೀನು ಮೂರು ವರ್ಷದವಳು. ಆಷಾಢದಲ್ಲಿ ಪಂಢರಪುರಕ್ಕೆ ಹೋಗುವ ಪಾಲಕಿಗಳು ಪುಣೆಯಲ್ಲಿ ಇಳಿದು, ಎರಡು ದಿನ ಭಜನೆ ಮಾಡಿ ಮುಂದೆ ಹೋದವು. ಅವುಗಳ ಬೆನ್ನಿಗೇ ವಾಂತಿಭೇದಿ ಬಂತು. ನಾಗಝರಿಯ ವಸ್ತಿಯಲ್ಲಿ ದಿನಕ್ಕೆ ಮೂರು ನಾಲ್ಕು ಹೆಣ. ನೀರು ಕಾಸಿ ಕುಡಿಯಿರಿ ಎಂದು ಡಂಗುರ ಹೊಡೆಸಿದರು, ಯಾರೂ ಕೇಳಲಿಲ್ಲ. ರೊಟ್ಟಿ ಬೇಯಿಸಲಿಕ್ಕೇ ಕಟ್ಟಿಗೆ ಇಲ್ಲದವರು ನೀರಿಗೆ ಎಲ್ಲಿಂದ ತರಬೇಕು? ಅದೂ ಅಲ್ಲದೆ, ಊರು ದೂರ ಇಟ್ಟ ಜನ ಅವರು. ದೂರ ನಿಂತು ಬುದ್ಧಿ ಹೇಳುವವರನ್ನು ಬೇಕಾದಷ್ಟು ಕಂಡಿದ್ದರು.

ನಿಮ್ಮಪ್ಪ ಒಂದು ಉಪಾಯ ಹುಡುಕಿದ. ಗುಡಿಸಲೊಳಗೆ ಹೋಗಿ ನೆಲದ ಮೇಲೆ ಕೂತು, ಮೊದಲು ಕುಡಿಯಲಿಕ್ಕೆ ನೀರು ಕೇಳುತ್ತಿದ್ದ. ಅವರು ಕಣ್ಣು ಕಣ್ಣು ಬಿಡುತ್ತಿದ್ದರು! ಹೊರಗಿನವರು ಯಾರೂ ಅವರ ಕೈಯಿಂದ ನೀರು ಕೇಳಿದವರಲ್ಲ. ತಂದರೆ, ಕಾಸಿದ್ದೋ ಎಂದು ಕೇಳುತ್ತಿದ್ದ. ಇಲ್ಲ ಎಂದರೆ, "ಹಂಗಾದ್ರ ನಾಳೆ ಕಾಸಿ ಇಡ್ರಿ, ನಾಳೆ ಬಂದು ಕುಡೀತೀನಿ" ಎಂದು ತನ್ನ ಹರುಕು ಮರಾಠಿಯಲ್ಲಿ ಹೇಳಿ ಎದ್ದು ಬರುತ್ತಿದ್ದ. ಮರುದಿನ ತಪ್ಪದೆ ಹೋಗಿ ಕುಡಿಯುತ್ತಿದ್ದ. ನಾಲ್ಕು ದಿನದಲ್ಲಿ ಅಲ್ಲಿ ಪೈಪೋಟಿ ಹುಟ್ಟಿತು. ಡಾಕ್ಟರಸಾಹೇಬರು ನಮ್ಮಲ್ಲಿ ಕುಡಿದರು, ನಿಮ್ಮಲ್ಲಿ ಕುಡಿಯಲಿಲ್ಲ ಎಂದು ಹೆಂಗಸರು ಜಗಳ ಆಡಿದರು. ಹರಕು ಚಾಪೆ ಸುಟ್ಟಾದರೂ ನೀರು ಕಾಸಿದರು. ಎಲ್ಲರಿಗಿಂತ ಮೊದಲು ಕಾಸಿದವಳು ರಂಗೂಬಾಯಿ, ಬೀದಿ ಗುಡಿಸುವ ಕೆಲಸದವಳು, ಗಂಡ ಸತ್ತವಳು.

"ಲೇ ಕಾಡ್ಯಾ, ನೀ ಡಾಕ್ಟರಕಿ ಮಾಡ್ತಿಯೋ, ನೀರು ಕುಡಿಯೂ ಉದ್ಯೋಗ ಮಾಡ್ತಿಯೋ?" ಎಂದೆ.

"ಹೊಟ್ಟ್ಯಾಗ ಜಾಗಾ ಇರೂತನಕಾ ಇದೇ ಉದ್ಯೋಗ" ಎಂದ. ಆ ವಾರ ಅಲ್ಲಿ ಹೆಣ ಬೀಳುವುದು ಕಡಿಮೆಯಾಯಿತು.

ಅವನು ಸೋತದ್ದು ನಮ್ಮ ಮನೆಯಲ್ಲಿ. ನನ್ನ ಅವ್ವ ನೀರು ಕಾಸಲು ಸುತರಾಂ ಒಪ್ಪಲಿಲ್ಲ. ವಾಡೆಯ ಬಾವಿಗೆ ದಿನಾ ಅರಿಷಿಣ ಕುಂಕುಮ ಏರಿಸುವವಳು ಅವಳು. ರೋಗದ ಹುಳು ಸಾಯಲೆಂದು ಬಾವಿಗೆ ಹಾಕುವ ಕೆಂಪು ಪುಡಿ ಹಿಡಿದು ಬಂದವರನ್ನು ಬಾಗಿಲಿನಿಂದಲೇ ಅಟ್ಟಿದ್ದಳು. "ಹೆಣಾ ತೊಳೀಲಿಕ್ಕೆ ನೀರು ಕಾಸತಾರ, ಕುಡೀಲಿಕ್ಕೆ ಅಲ್ಲ. ಕುದ್ದ ನೀರು ಸತ್ತ ನೀರು ತಮ್ಮಾ" ಎನ್ನುತ್ತಿದ್ದಳು. ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತೇ ಇದೆ, ಬಂದವರಿಗೆ ಮೊದಲು ಬೆಲ್ಲ, ತಂಬಿಗೆ ನೀರು. ಅದನ್ನು ಒಲ್ಲೆ ಎಂದರೆ ಆ ಮನೆಯೇ ಬೇಡ ಎಂದಂತೆ. ನಿಮ್ಮಪ್ಪ ಒಂದು ದಿನ ಕೈ ಮುಗಿದು, "ಯವ್ವಾ, ಕಾಸಿದ್ದಲ್ಲಂದ್ರ ಒಲ್ಲೆ" ಎಂದುಬಿಟ್ಟ. ಅವ್ವ ಅತ್ತಳು ನೋಡು! "ಹಳ್ಳದ ದಂಡಿ ಮಂದಿ ನೀರು ನಡೀತಾವ, ಹದಿನೇಳು ವರ್ಷ ಉಣ್ಣಾಕ ಇಕ್ಕಿದ ನನ್ನ ನೀರು ನಿನಗ ನಡ್ಯಂಗಿಲ್ಲೇನಪಾ?" ಎಂದು ಎರಡು ದಿನ ಅನ್ನ ಮುಟ್ಟಲಿಲ್ಲ. ಅವನೂ ಪೆಚ್ಚಾದ, ಆದರೆ ಹಟ ಬಿಡಲಿಲ್ಲ. ಒಂದು ಕಡೆ ಹೆತ್ತವಳು, ಒಂದು ಕಡೆ ಗೆಳೆಯ. ಆ ಜಗಳ ಬಗೆಹರಿಸಿದವನು ನಾನು. ಹೇಗೆ ಎಂದು ಆಮೇಲೆ ಬರೆಯುತ್ತೇನೆ.

ಅದಾದ ಮೂರನೇ ದಿನ ಬೆಳಿಗ್ಗೆ ನಿಮ್ಮಪ್ಪನಿಗೆ ವಾಂತಿಭೇದಿ ಹಿಡಿಯಿತು. ನಾನು ಹೋಗುವಷ್ಟರಲ್ಲಿ ಕಣ್ಣು ಗುಳಿ ಬಿದ್ದಿದ್ದವು. ಅವನ ಜೊತೆಗೆ ಕಲಿತ ಡಾಕ್ಟರೊಬ್ಬರು ರಕ್ತನಾಳಕ್ಕೆ ಉಪ್ಪಿನ ನೀರು ಏರಿಸುತ್ತಿದ್ದರು. ಆ ಸ್ಥಿತಿಯಲ್ಲೂ ಅವನು ನಿನ್ನ ಆಟದ ಪಾಟಿ ಬಳಪ ತರಿಸಿ, ಹಿಂದಿನ ಮೂರು ದಿನ ತಾನು ಎಲ್ಲೆಲ್ಲಿ ನೀರು ಕುಡಿದೆ ಎಂದು ಒಂದೊಂದೇ ಮನೆ ಹೇಳಿ ನನ್ನ ಕೈಯಿಂದ ಬರೆಸಿದ. ಹನ್ನೊಂದು ಮನೆ. "ನನ್ನ ಸಲುವಾಗಿ ಅಲ್ಲೋ. ಎಲ್ಲಿಂದ ಬಂತು ಅಂತ ತಿಳಿದ್ರ ಅಲ್ಲಿಯವರನ್ನರೆ ಉಳಿಸಬಹುದು" ಎಂದ. ಎಲ್ಲೆಲ್ಲಿ ಕಾಸಿದ ನೀರು ಎಂದು ಖಾತ್ರಿಯಿತ್ತೋ ಆ ಮನೆಗಳನ್ನು ಬೆರಳಿನಿಂದ ಒರೆಸುತ್ತ ಬಂದ. ಕೊನೆಗೆ ರಂಗೂಬಾಯಿಯ ಹೆಸರು ಉಳಿಯಿತು. ಅವಳು ಕಾಸುತ್ತಿದ್ದಳು, ಅದು ಅವನಿಗೆ ಗೊತ್ತಿತ್ತು. ಆದರೆ ಅವಳ ಗಡಿಗೆ ಅಂಗಳದಲ್ಲಿ ತೆರೆದೇ ಇರುತ್ತಿತ್ತು, ಕಾಸಿದ ಮೇಲೆ ಏನೋ ಬಿದ್ದಿರಬೇಕು ಎಂದು ಲೆಕ್ಕ ಹಾಕಿದ. "ಆಕಿಗೆ ಯಾರೂ ಬೈಬ್ಯಾಡ್ರಿ. ಗಡಿಗಿಗೆ ಮುಚ್ಚಳ ಇಡಾಕ ಹೇಳ್ರಿ, ಸಾಕು" ಎಂದ. ಅದೇ ಅವನು ಕೊಟ್ಟ ಕೊನೆಯ ಔಷಧ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಹೋದ. ಮೂವತ್ತಾರು ವರ್ಷ.

ಬೈಬ್ಯಾಡ್ರಿ ಎಂದು ಅವನು ಅಂದದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ, ಹೆಸರೊಂದನ್ನೇ ಹಿಡಿದರು. ಓಣಿಯ ಜನ ಹೋಗಿ ರಂಗೂಬಾಯಿಯ ಗಡಿಗೆಗಳನ್ನು ಒಡೆದರು. ಹೆಣ ಎತ್ತುವ ಮೊದಲು ಅವಳು ನಿಮ್ಮ ಮನೆಯ ಮೆಟ್ಟಿಲ ಕೆಳಗೆ ಬಂದು ನಿಂತು, ನೆಲ ಮುಟ್ಟಿ, "ಮೀ ಪಾಣೀ ಉಕಳಲಂ ಹೋತಂ, ದೇವಾಚೀ ಶಪಥ" ಎಂದಳು. ನಾನು ನೀರು ಕುದಿಸಿದ್ದೆ, ದೇವರಾಣೆ, ಎಂದು. ವೈನಿ ಒಳಗಿನಿಂದ ಓಡಿ ಬಂದು ಹಿಡಿ ಮಣ್ಣು ತೂರಿದರು. "ಊರಿಗೆ ಉಪಕಾರ ಮಾಡಬ್ಯಾಡ್ರಿ ಅಂತ ಬಡಕೊಂಡೆ. ನಿನ್ನ ಮನೀ ನೀರಾಗ ನನ್ನ ಕುಂಕುಮ ತೊಳದಿ" ಎಂದು ಕೂಗಿದರು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ರಂಗೂಬಾಯಿ ನನ್ನ ಮುಖ ನೋಡಿದಳು, ಇವನಾದರೂ ಏನಾದರೂ ಹೇಳಿಯಾನು ಎಂದು. ನಾನು ಬೇರೆ ಕಡೆ ನೋಡಿದೆ.

ವೈನಿ ನಿನ್ನನ್ನು ಎತ್ತಿಕೊಂಡು ಧಾರವಾಡಕ್ಕೆ ಹೋದರು. ಮತ್ತೆ ಪುಣೆಯ ಮುಖ ನೋಡಲಿಲ್ಲ. ನನ್ನ ಅವ್ವ ೧೯೩೧ರಲ್ಲಿ ತೀರಿಕೊಂಡಳು, ಕೊನೆಯ ದಿನವೂ "ಕಾಡಪ್ಪ ಉಂಡನೇನು?" ಎಂದು ಕೇಳಿದಳು. ನಾನು ಖಣ ಮಾರುತ್ತ ಮುದುಕನಾದೆ. ಅಂಗಡಿಯ ಮುಂದೆ ಯಾವನಾದರೂ ಕಾಡ್ಯಾನಂತೆ ಸೈಕಲ್ ಗಂಟೆ ಎರಡು ಸಲ ಬಾರಿಸಿದರೆ ಈಗಲೂ ಕತ್ತೆತ್ತಿ ನೋಡುತ್ತೇನೆ. ನಿಮ್ಮಪ್ಪನ ಹಾಗೆ ನನ್ನನ್ನು ಬೈಯುವವರು ಆಮೇಲೆ ಸಿಗಲಿಲ್ಲ ತಂಗಿ. ಬಹಳ ನೆನಪಾಗುತ್ತಾನೆ.

ವೈನಿಗೆ ಬೇರೆ ಪತ್ರ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಹರಿದು ಹಾಕಿದೆ. ನನ್ನ ಅಭಿಪ್ರಾಯ ಇಷ್ಟೇ, ನೀನು ಆ ನೌಕರಿಗೆ ಬರಬೇಕು. ನಿಮ್ಮಪ್ಪನ ಕೆಲಸ ಅರ್ಧಕ್ಕೆ ನಿಂತಿದೆ. ಇಳಿದುಕೊಳ್ಳಲಿಕ್ಕೆ ನಮ್ಮ ಮನೆ ಇದೆ, ರೊಟ್ಟಿ ಬಡಿಯಲಿಕ್ಕೆ ನಿನ್ನ ಕಾಕು ಇದ್ದಾಳೆ. ಅವ್ವನಿಗೆ ನನ್ನ ಶರಣು ತಿಳಿಸು. ನಿನ್ನ ಕೈಗುಣ ದೊಡ್ಡದಾಗಲಿ, ನಿನ್ನ ಕೈ ಹಿಡಿದವರು ಎದ್ದು ಮನೆಗೆ ನಡೆದು ಹೋಗಲಿ, ಬಸವಣ್ಣ ನಿನ್ನನ್ನು ತಂಪಾಗಿ ಇಟ್ಟಿರಲಿ.

ಇಂತಿ,
ನಿನ್ನ ಕಾಕಾ
ಹೊಳಬಸಪ್ಪ

ತಾ.ಕ. ಮೇಲಿನದನ್ನು ನಿನ್ನೆ ಮುಗಿಸಿ ಪಾಕೀಟಿನಲ್ಲಿ ಹಾಕಿದ್ದೆ. ಇಂದು ಸೋಮವಾರ, ಮತ್ತೆ ತೆಗೆದೆ. ಆಮೇಲೆ ಬರೆಯುತ್ತೇನೆ ಎಂದದ್ದನ್ನು ಬರೆಯದೆ ಸಹಿ ಮಾಡಿದ್ದೆ.

ನನ್ನ ಅವ್ವ ಉಪವಾಸ ಕೂತ ಎರಡನೇ ದಿನ ಮಧ್ಯಾಹ್ನ ನಿಮ್ಮಪ್ಪ ವಸ್ತಿಯಿಂದ ನೇರ ನಮ್ಮ ಮನೆಗೆ ಬಂದ. ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು, ಅವನ ನಾಲಗೆ ಒಣಗಿತ್ತು. ಅವ್ವ ತಂಬಿಗೆ ತಂದಿಟ್ಟು, ಬೆಲ್ಲ ತರಲು ಒಳಗೆ ಹೋದಳು. ಅವನು ತಂಬಿಗೆ ನೋಡಿ, ನನ್ನನ್ನು ನೋಡಿ, "ಕಾಸಿದ್ದೇನೋ ಹೊಳ್ಯಾ?" ಎಂದ. ನಾನು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡೆ. "ಅವ್ವ ಮುಂಜಾನೇನೇ ಕಾಸ್ಯಾಳ, ಕುಡಿ" ಎಂದೆ. ಅದು ಬಾವಿಯಿಂದ ಸೇದಿದ ಹಸಿ ನೀರು. ಅವನ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ಬೆಲ್ಲ ಹಿಡಿದು ಬಂದ ಅವ್ವನ ಕಾಲು ಮುಟ್ಟಿ, "ಯವ್ವಾ, ನೀ ಒಪ್ಪಿದಿ ಅಂದ್ರ ಇಡೀ ಪುಣೆ ಒಪ್ಪಿದಂಗ" ಎಂದ. ಹಟ ಬಿಟ್ಟು ತನ್ನ ಕಡೆಗೆ ಬಂದ ಎಂದು ಅವಳು ತಿಳಿದಳು, ಅವನ ದೃಷ್ಟಿ ತೆಗೆದಳು. ಅವನು ತಂಬಿಗೆ ಬರಿದು ಮಾಡಿ ಇನ್ನೊಂದು ಕೇಳಿದ. ಅವ್ವನಿಗೆ ಕೊನೆಯ ತನಕ ಗೊತ್ತಾಗಲಿಲ್ಲ. ಅವಳದು ನಂಬಿಕೆ. ನನಗೆ ಗೊತ್ತಿತ್ತು.

ಪಾಟಿಯ ಮೇಲೆ ಅವನು ಬರೆಸಿದ ಮೊದಲನೇ ಮನೆ ನಮ್ಮದು. "ಹೊಳ್ಯಾ, ಅವತ್ತಿನ ನೀರು ಕಾಸಿದ್ದು ಖರೇನಾ?" ಎಂದು ಮತ್ತೊಮ್ಮೆ ಕೇಳಿದ. ವೈನಿ ಎದುರಿಗೆ ಅವನ ಪಾದ ತಿಕ್ಕುತ್ತ ಕೂತಿದ್ದರು. "ಖರೇನೇ" ಎಂದೆ. ಅವನು ನನ್ನನ್ನು ನಂಬಿ ನಮ್ಮ ಮನೆಯನ್ನು ಒರೆಸಿದ. ಅದರಿಂದಲೇ ರಂಗೂಬಾಯಿಯ ಹೆಸರು ಉಳಿಯಿತು. ನಮ್ಮ ಬಾವಿಯ ಕಡೆಗೆ ಯಾರೂ ಬರಲಿಲ್ಲ. ಮುಂದಿನ ವಾರ ಇದೇ ವಾಡೆಯಲ್ಲಿ ದರ್ಜಿಯ ಹೆಂಡತಿ, ಆಮೇಲೆ ಅವಳ ಕೂಸು ಹೋದರು. ಮೊದಲನೆಯ ಸುಳ್ಳು ಪ್ರೀತಿಯಿಂದ ಹೇಳಿದ್ದು ಎನ್ನಬಹುದು. ಎರಡನೆಯದು ಹೆದರಿಕೆಯಿಂದ.

ಈ ಹಾಳೆಯನ್ನು ನಿನ್ನ ಅವ್ವನಿಗೆ ಓದಿ ಹೇಳು. ಹಳ್ಳದ ದಂಡೆಯ ನೀರಲ್ಲ, ಹೊಳಬಸಪ್ಪನ ಮನೆಯ ನೀರು ಎಂದು ಹೇಳು. ಆಮೇಲೆ ಅವರು ನಿನ್ನನ್ನು ತಡೆಯಲಿಕ್ಕಿಲ್ಲ. ನೀನು ನನ್ನನ್ನು ಕಾಕಾ ಎಂದು ಕರೆಯುವುದು, ನಮ್ಮ ಮನೆಯಲ್ಲಿ ಇಳಿಯುವುದು ನಿನಗೆ ಬಿಟ್ಟದ್ದು.

ರಂಗೂಬಾಯಿ ಇನ್ನೂ ಇದ್ದಾಳೆ. ಅದೇ ವಸ್ತಿ, ಅದೇ ಗುಡಿಸಲು. ಅವಳ ಓಣಿಯವರೂ ಮದುವೆಯಲ್ಲಿ ಅವಳ ಕೈಗೆ ನೀರಿನ ಕೊಡ ಕೊಡುವುದಿಲ್ಲವಂತೆ, ಇಪ್ಪತ್ತಮೂರು ವರ್ಷದಿಂದ. ಅವಳಿಗೆ ನಾನೇ ಹೋಗಿ ಹೇಳಬೇಕು. ಇವತ್ತು ಬೆಳಿಗ್ಗೆ ರುಮಾಲು ಸುತ್ತಿಕೊಂಡು ಹೊರಟೆ, ಹಳ್ಳದ ಸೇತುವೆಯ ತನಕ ಹೋಗಿ ತಿರುಗಿ ಬಂದೆ.